‘ನಮ್ಮವರನ್ನು ನಾನು ಬಲ್ಲೆ’ ಎಂಬ ಭ್ರಮೆ

ಪ್ರತಿ ಭಾನುವಾರ ಸಾಗರದಿಂದ ಚಿಕ್ಕಮ್ಮನ ಕರೆ ಬರುತ್ತದೆ. ಹಿಮ ಬಿತ್ತೇ, ಅಡುಗೆ ಏನು, ಮಗ ಕನ್ನಡ ಮಾತನಾಡುತ್ತಾನೆಯೇ ಎಂಬ ಮೂರು ಪ್ರಶ್ನೆಗಳಾದ ಮೇಲೆ ಅವರು ತಪ್ಪದೆ ನಾಲ್ಕನೆಯದಕ್ಕೆ ಬರುತ್ತಾರೆ: “ಅಲ್ದನೇ ಕೂಸೇ, ಆ ಜನರ ಮನಸ್ಸು ನಿಂಗೆ ಹ್ಯಾಂಗೆ ಗೊತ್ತಾಗ್ತು?”

ನಾನು ಸ್ವೀಡನ್ನಿನ ವೆಸ್ಟೆರಾಸ್ ನಗರದಲ್ಲಿ ಮನಃಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಈಚಿನ ವರ್ಷಗಳಲ್ಲಿ, ಓದು ಮುಗಿಸಿ ತರಬೇತಿಗೆ ಬರುವ ಯುವಕ ಯುವತಿಯರಿಗೆ ಮಾರ್ಗದರ್ಶನ ಮಾಡುವ ಹೊಣೆಯೂ ನನಗಿದೆ. ಚಿಕ್ಕಮ್ಮನ ಪ್ರಶ್ನೆಗೆ ‘ಅದನ್ನೇ ಓದಿದ್ದೇನಲ್ಲ ಚಿಕ್ಕಮ್ಮ’ ಎಂದು ಬಹಳ ಕಾಲ ಉತ್ತರಿಸುತ್ತಿದ್ದೆ. ಆ ಉತ್ತರ ಸಾಲದು ಎಂಬುದು ಸ್ವೀಡಿಷ್ ರೋಗಿಗಳಿಂದ ನನಗೆ ತಿಳಿಯಲಿಲ್ಲ. ಅದನ್ನು ತಿಳಿಸಿಕೊಟ್ಟವರು ನಮ್ಮ ದೇಶದ ಒಬ್ಬ ಹೆಣ್ಣುಮಗಳು. ಆ ಪ್ರಸಂಗವನ್ನು ಹೇಳುವ ಮೊದಲು ಊರನ್ನೂ ಈ ವೃತ್ತಿಯ ಕ್ರಮವನ್ನೂ ಸ್ವಲ್ಪ ಪರಿಚಯಿಸಬೇಕು.

ಸ್ಟಾಕ್‌ಹೋಮ್‌ನಿಂದ ಸುಮಾರು ನೂರು ಕಿಲೋಮೀಟರ್ ಪಶ್ಚಿಮಕ್ಕೆ, ಮೆಲಾರೆನ್ ಸರೋವರದ ದಂಡೆಯಲ್ಲಿ ವೆಸ್ಟೆರಾಸ್ ಇದೆ. ಹಿಂದೆ ಇಲ್ಲಿ ಸೌತೆಕಾಯಿ ಹೇರಳವಾಗಿ ಬೆಳೆಯುತ್ತಿದ್ದರಂತೆ. ಇಂದಿಗೂ ಈ ಊರಿಗೆ ‘ಸೌತೆಕಾಯಿ ಪಟ್ಟಣ’ ಎಂಬ ಅಡ್ಡಹೆಸರಿದೆ. ಆದರೆ ನಮ್ಮವರು ಇಲ್ಲಿಗೆ ಬರುವುದು ವಿದ್ಯುತ್ ಯಂತ್ರಗಳ ಕಾರಣಕ್ಕೆ. ಇಲ್ಲಿ ಬೆಳೆದ ಆಸಿಯಾ ಕಂಪನಿ 1988ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿಯೊಡನೆ ಸೇರಿ ಎಬಿಬಿ ಆಯಿತು. ಆ ಪರಂಪರೆಯ ಕಾರ್ಖಾನೆಗಳಿಗೆ ಒಂದು ಕಾಲಕ್ಕೆ ಫಿನ್ಲೆಂಡಿನಿಂದ ಕಾರ್ಮಿಕರು ಬಂದರು. ಆಮೇಲೆ ಇರಾನ್, ಬೋಸ್ನಿಯಾ, ಇರಾಕ್, ಸೊಮಾಲಿಯಾ, ಸಿರಿಯಾಗಳಿಂದ ಆಶ್ರಯ ಕೋರಿ ಕುಟುಂಬಗಳು ಬಂದವು. ಈಗ ಬೆಂಗಳೂರಿನ ಎಂಜಿನಿಯರುಗಳೂ ಅವರ ಮನೆಯವರೂ ಇದ್ದಾರೆ. ಹಾಗಾಗಿ ನಮ್ಮ ಕಾಯುವ ಕೋಣೆಯಲ್ಲಿ ಒಂದೇ ಬೆಳಗ್ಗೆ ನಾಲ್ಕೈದು ಭಾಷೆಗಳು ಕೇಳಿಬರುತ್ತವೆ.

ಇಲ್ಲಿ ಮನಃಶಾಸ್ತ್ರಜ್ಞರಾಗಲು ಬಹುಕಾಲದಿಂದ ನಡೆದುಬಂದ ಕ್ರಮ ಹೀಗಿದೆ: ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಓದು, ಬಳಿಕ ಒಂದು ವರ್ಷ ಅನುಭವಿಯೊಬ್ಬರ ಮಾರ್ಗದರ್ಶನದಲ್ಲಿ ಕೆಲಸ, ಆಮೇಲೆ ‘ಸೋಷಿಯಾಲ್‌ಸ್ಟೀರೆಲ್ಸೆನ್’ ಎಂಬ ಸರ್ಕಾರಿ ಮಂಡಳಿಯಿಂದ ಪರವಾನಗಿ. ಯೂರೋಪಿನ ಹೊರಗೆ ಓದಿದವರಾದರೆ ನಮ್ಮ ಓದಿನ ಪರಿಶೀಲನೆಯಾಗಬೇಕು, ಸ್ವೀಡಿಷ್ ಭಾಷೆಯನ್ನು ಮೇಲಿನ ಹಂತದವರೆಗೆ ಕಲಿಯಬೇಕು, ಅವರು ಹೇಳಿದ ಪರೀಕ್ಷೆಯನ್ನೂ ತರಬೇತಿಯನ್ನೂ ಪೂರೈಸಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಬರಬೇಕೆಂದಿರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಮಾರ್ಗದರ್ಶನಕ್ಕೆ ಸ್ವೀಡಿಷ್ ಭಾಷೆಯಲ್ಲಿ ‘ಹಾಂಡ್‌ಲೇಡ್ನಿಂಗ್’ ಎನ್ನುತ್ತಾರೆ. ಬಿಡಿಸಿದರೆ ‘ಕೈಹಿಡಿದು ನಡೆಸುವುದು’ ಎಂದೇ ಅರ್ಥ. ತರಬೇತಿಯವರು ತಾವು ನೋಡಿದ ರೋಗಿಗಳ ವಿಷಯವನ್ನು ವಾರವಾರ ಮಾರ್ಗದರ್ಶಕರ ಮುಂದೆ ಇಡುತ್ತಾರೆ. ಏನು ಕೇಳಿಸಿತು, ಏನು ತೋಚಿತು, ಎಲ್ಲಿ ತಡವರಿಸಿದೆವು ಎಂಬುದನ್ನು ಇಬ್ಬರೂ ಕೂತು ಬಿಡಿಸಿ ನೋಡುತ್ತಾರೆ. ಈ ಒಂದು ಗಂಟೆಯ ಮಾತು ಸರಿಯಾಗಿ ನಡೆಯದಿದ್ದರೆ ಅದರ ಪರಿಣಾಮ ಆ ಕೋಣೆಯಲ್ಲಿಲ್ಲದ ಮೂರನೆಯವರ ಮೇಲೆ, ಅಂದರೆ ರೋಗಿಯ ಮೇಲೆ ಆಗುತ್ತದೆ.

ನನ್ನ ತರಬೇತಿಯ ಮೊದಲ ತಿಂಗಳುಗಳಲ್ಲಿ ಆ ಗಂಟೆ ನನಗೆ ಶಿಕ್ಷೆಯಂತಿತ್ತು. ಬೆಂಗಳೂರಿನಲ್ಲಿ ನಾನು ಕಲಿತದ್ದು ಹಿರಿಯರ ಹಿಂದೆ ನಿಂತು. ‘ಸರ್’, ‘ಮೇಡಂ’ ಎಂದಷ್ಟೇ ಕರೆದು ಗೊತ್ತು. ಕೇಳಿದಾಗ ಮಾತ್ರ ಉತ್ತರ. ಇಲ್ಲಿ ಐವತ್ತೆಂಟು ವರ್ಷದ ಮಾರ್ಗದರ್ಶಕಿಯನ್ನು ಬರಿಯ ಹೆಸರಿನಿಂದ ಕರೆಯಬೇಕು. ನಮ್ಮ ‘ನೀನು’ವಿಗೆ ಸಮನಾದ ‘ದು’ ಎಂಬ ಪದವೇ ಎಲ್ಲರಿಗೂ ಸಲ್ಲುತ್ತದೆ. ಇದಕ್ಕೊಂದು ಇತಿಹಾಸವಿದೆ. ಹಿಂದೆ ಇಲ್ಲಿಯೂ ಜನರನ್ನು ಹುದ್ದೆ, ಪದವಿಗಳ ಹೆಸರು ಹಿಡಿದು ಸಂಬೋಧಿಸುವ ಪದ್ಧತಿಯಿತ್ತು. 1967ರಲ್ಲಿ ದೇಶದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಅವರು ತಾವು ಎಲ್ಲ ಸಿಬ್ಬಂದಿಯನ್ನೂ ‘ದು’ ಎಂದೇ ಕರೆಯುವುದಾಗಿಯೂ ತಮ್ಮನ್ನು ಎಲ್ಲರೂ ಹೆಸರಿನಿಂದ ಕರೆಯಬೇಕೆಂದೂ ಹೇಳಿದರು. ಆಗಲೇ ಆರಂಭವಾಗಿದ್ದ ಬದಲಾವಣೆಗೆ ಅದು ಗುರುತಾಯಿತು. ಆ ಮಂಡಳಿ ಮರುವರ್ಷವೇ ಇಂದಿನ ಸೋಷಿಯಾಲ್‌ಸ್ಟೀರೆಲ್ಸೆನ್‌ನಲ್ಲಿ ಸೇರಿಹೋಯಿತು. ನನಗೆ ಪರವಾನಗಿ ಕೊಟ್ಟದ್ದೂ ಅದೇ. ಇಷ್ಟೆಲ್ಲ ತಿಳಿದಿದ್ದರೂ ನಾಲಿಗೆ ಹೊರಳಬೇಕಲ್ಲ! ಹೆಸರು ಹಿಡಿದು ಕರೆಯುವುದನ್ನು ತಪ್ಪಿಸಲು, ಅವರು ನನ್ನತ್ತ ತಿರುಗುವವರೆಗೂ ಬಾಗಿಲಲ್ಲಿ ಕಾದು ನಿಂತದ್ದುಂಟು.

ಅವರು ಕೇಳುತ್ತಿದ್ದರು: “ನಿನಗೇನನ್ನಿಸುತ್ತದೆ?” ನಾನು ಅವರಿಗೆ ಏನನ್ನಿಸುತ್ತದೆ ಎಂದು ಕಾಯುತ್ತಿದ್ದೆ. ಅವರು ತಮ್ಮ ಅಭಿಪ್ರಾಯ ಹೇಳಿದರೆ ತಲೆಯಾಡಿಸುತ್ತಿದ್ದೆ. ನಮ್ಮ ತಲೆಯಾಡಿಸುವಿಕೆಯ ಅರ್ಥ ಭಾರತೀಯರಿಗೇ ಒಮ್ಮೊಮ್ಮೆ ಆಗುವುದಿಲ್ಲ. ಅವರಿಗೆ ಆಗಲೇ ಇಲ್ಲ. ಆರು ತಿಂಗಳ ಮೌಲ್ಯಮಾಪನದಲ್ಲಿ ‘ಸ್ವಂತ ವಿಚಾರಶಕ್ತಿ ಇನ್ನೂ ಬೆಳೆಯಬೇಕಿದೆ’ ಎಂದು ಬರೆದಿದ್ದರು. ಆ ಸಂಜೆ ಮನೆಗೆ ಬಂದು ಅತ್ತೆ. ಹದಿನೈದು ವರ್ಷದ ಓದು, ನಾಲ್ಕು ವರ್ಷದ ವೃತ್ತಿ, ಎಲ್ಲವೂ ಆ ಒಂದು ವಾಕ್ಯದಲ್ಲಿ ಕರಗಿಹೋದಂತೆ ಅನ್ನಿಸಿತು.

ಆದರೆ ಅವರು ದೊಡ್ಡವರು. ಮುಂದಿನ ವಾರ ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದರು: “ನಿಮ್ಮಲ್ಲಿ ಗುರು ತಪ್ಪು ಹೇಳಿದರೆ ಶಿಷ್ಯರು ಅದನ್ನು ಹೇಗೆ ತಿಳಿಸುತ್ತಾರೆ?” ತಿಳಿಸುವುದಿಲ್ಲ ಎಂದೆ. ಸ್ವಲ್ಪ ಯೋಚಿಸಿ, ತಿಳಿಸುತ್ತೇವೆ, ಆದರೆ ಪ್ರಶ್ನೆಯ ರೂಪದಲ್ಲಿ ಎಂದೆ. ‘ಹೀಗೂ ಇರಬಹುದೇ ಸರ್?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರೆ, ಖಂಡಿತ ಹೀಗೆಯೇ ಇದೆ ಎಂಬುದು ಅವಳ ಅಭಿಪ್ರಾಯ. ಅವರು ನಕ್ಕು, ಹಿಂದಿನ ತಿಂಗಳುಗಳ ಟಿಪ್ಪಣಿ ತೆಗೆದು ನೋಡಿದರು. ನಾನು ಕೇಳಿದ್ದ ಅಂಥ ಹನ್ನೊಂದು ಪ್ರಶ್ನೆಗಳು ಅದರಲ್ಲಿದ್ದವು. “ಇನ್ನು ಮುಂದೆ ನಿನ್ನ ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳುತ್ತೇನೆ, ನೀನು ಒಂದೊಂದನ್ನು ನೇರವಾಗಿ ಹೇಳಲು ಪ್ರಯತ್ನಿಸು” ಎಂದರು. ಇಬ್ಬರೂ ಅರ್ಧರ್ಧ ದಾರಿ ನಡೆದೆವು. ಮೊದಲ ಹೆಜ್ಜೆ ಮಾತ್ರ ಅವರದಾಗಿತ್ತು. ಅಧಿಕಾರ ಇದ್ದವರು ಆ ಹೆಜ್ಜೆ ಇಡದಿದ್ದರೆ ಇಲ್ಲದವರು ಇಡಲಾರರು.

ಅವರು ಅಂದು ಮಾಡಿದ್ದಕ್ಕೆ ಒಂದು ಹೆಸರಿದೆ ಎಂದು ನನಗೆ ಆಮೇಲೆ ಗೊತ್ತಾಯಿತು: ಸಾಂಸ್ಕೃತಿಕ ವಿನಯ. 1998ರಲ್ಲಿ ಅಮೆರಿಕದ ಮಕ್ಕಳ ವೈದ್ಯೆಯರಾದ ಮೆಲನಿ ಟರ್ವಲಾನ್ ಮತ್ತು ಜ್ಯಾನ್ ಮರ್ರೇ–ಗಾರ್ಸಿಯಾ ತರಬೇತಿ ವೈದ್ಯರ ಶಿಕ್ಷಣವನ್ನು ಕುರಿತ ಲೇಖನವೊಂದರಲ್ಲಿ ಈ ಮಾತನ್ನು ಮುಂದಿಟ್ಟರು. ಅಲ್ಲಿಯವರೆಗೆ ಎಲ್ಲರೂ ‘ಸಾಂಸ್ಕೃತಿಕ ಪರಿಣತಿ’ಯ ಬಗ್ಗೆ ಮಾತನಾಡುತ್ತಿದ್ದರು, ಇಂಥ ಜನ ಹೀಗೆ, ಅಂಥ ಜನ ಹಾಗೆ ಎಂದು ಕಲಿತು ಪರೀಕ್ಷೆ ಪಾಸಾದರೆ ಪರಿಣತಿ ಬಂದಂತೆ. ಅವರು ತಮ್ಮ ಲೇಖನದಲ್ಲಿ ಒಂದು ಘಟನೆಯನ್ನು ಹೇಳುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಕೆಲವೇ ಗಂಟೆಗಳಾಗಿದ್ದ ಲ್ಯಾಟಿನ್ ಅಮೆರಿಕನ್ ಮೂಲದ ಮಹಿಳೆಯೊಬ್ಬರು ನರಳುತ್ತಿದ್ದರು. ಅದೇ ಮೂಲದ ವೈದ್ಯರೊಬ್ಬರು, ಇವರಿಗೆ ನೋವು ಹೆಚ್ಚಿರುವಂತಿದೆ ಎಂದರು. ಆರೈಕೆ ಮಾಡುತ್ತಿದ್ದ ಕಪ್ಪುವರ್ಣದ ನರ್ಸ್, ತಾವು ಬೇರೆ ಬೇರೆ ಸಂಸ್ಕೃತಿಗಳ ರೋಗಿಗಳ ಬಗ್ಗೆ ಕೋರ್ಸ್ ಮಾಡಿರುವುದಾಗಿಯೂ ಆ ಸಮುದಾಯದವರು ನೋವನ್ನು ಹೆಚ್ಚಿಸಿ ತೋರಿಸುತ್ತಾರೆಂದು ತಮಗೆ ಗೊತ್ತಿರುವುದಾಗಿಯೂ ಹೇಳಿ ಆ ಮಾತನ್ನು ತಳ್ಳಿಹಾಕಿದರು. ಕೋರ್ಸಿನ ಜ್ಞಾನ ಎದುರಿಗಿದ್ದ ಮನುಷ್ಯಳ ನೋವಿಗೆ ಅಡ್ಡ ನಿಂತಿತು.

ಹಾಗಾದರೆ ಏನು ಮಾಡಬೇಕು? ಆ ಲೇಖಕಿಯರ ಪ್ರಕಾರ ಇದು ಒಮ್ಮೆ ಕಲಿತು ಮುಗಿಸುವ ಪಾಠವಲ್ಲ. ತನ್ನನ್ನು ತಾನು ಜೀವನವಿಡೀ ಪರೀಕ್ಷಿಸಿಕೊಳ್ಳುತ್ತಿರಬೇಕು. ವೈದ್ಯ ಮತ್ತು ರೋಗಿಯ ನಡುವಿನ ಅಧಿಕಾರದ ಏರುಪೇರನ್ನು ಸರಿಪಡಿಸಲು ಯತ್ನಿಸಬೇಕು. ಸಂಸ್ಥೆಯೂ ಇದಕ್ಕೆ ಬದ್ಧವಾಗಿರಬೇಕು. ವಿದ್ಯೆಯ ಜೊತೆ ವಿನಯ ಬರಬೇಕೆಂದು ಕೇಳುತ್ತಲೇ ಬೆಳೆದ ನಮಗೆ ಇದು ಹೊಸ ಮಾತೆನಿಸದು. ನಾವು ಕೇಳಿದ ವಿನಯ ಮಾತ್ರ ಸಾಮಾನ್ಯವಾಗಿ ಕಿರಿಯರಿಗೆ ಹೇಳಿದ್ದು. ಇದು ಹಿರಿಯರಿಗೆ ಹೇಳಿದ್ದು.

ಈಗ ನನ್ನ ತಪ್ಪಿನ ಪ್ರಸಂಗಕ್ಕೆ ಬರುತ್ತೇನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ನಾನು ಮಾರ್ಗದರ್ಶಕಿಯಾದ ಎರಡನೆಯ ವರ್ಷ ಒಬ್ಬ ಸ್ವೀಡಿಷ್ ಯುವಕ ನನ್ನ ಬಳಿ ತರಬೇತಿಯಲ್ಲಿದ್ದ. ಅವನಲ್ಲಿಗೆ ಭಾರತೀಯ ಮಹಿಳೆಯೊಬ್ಬರು ಬರತೊಡಗಿದರು. ಗಂಡನ ಕೆಲಸದ ನಿಮಿತ್ತ ಬಂದವರು. ನಿದ್ರೆಯಿಲ್ಲ, ಮೈಯೆಲ್ಲ ಉರಿ, ಎದೆಯ ಮೇಲೆ ಕಲ್ಲು ಇಟ್ಟಂತೆ ಭಾರ. ರಕ್ತಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ. ಮನೆಗೆ ಅತ್ತೆ ಬಂದು ಕೆಲವು ತಿಂಗಳಾಗಿತ್ತು. ನನ್ನ ಶಿಷ್ಯನಿಗೆ ಆ ಅತ್ತೆಯ ವಿಷಯದಲ್ಲಿ ಏನೋ ಅಳುಕು.

ನಾನು ಅವನಿಗೆ ಪೂರ್ತಿ ಹೇಳಲು ಬಿಡಲಿಲ್ಲ. ‘ಇದು ನಮ್ಮಲ್ಲಿ ಸಾಮಾನ್ಯ, ನೀವು ಪಾಶ್ಚಾತ್ಯರು ಒಬ್ಬೊಬ್ಬರನ್ನೇ ಬಿಡಿಯಾಗಿ ನೋಡುತ್ತೀರಿ, ನಾವು ಕುಟುಂಬವನ್ನು ನೋಡುತ್ತೇವೆ’ ಎಂದು ಒಂದು ಉಪನ್ಯಾಸವನ್ನೇ ಕೊಟ್ಟೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಕುಟುಂಬದವರನ್ನೂ ಉಳಿಸಿಕೊಂಡದ್ದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೇ ಮೀಸಲಾದ ಚಿಕಿತ್ಸಾ ವಿಭಾಗ ಬೆಳೆದದ್ದು, ಎಲ್ಲವನ್ನೂ ಹೇಳಿದೆ. ಹೇಳಿದ್ದೆಲ್ಲ ನಿಜವೇ. ಕೊನೆಗೆ, ಮುಂದಿನ ಭೇಟಿಗೆ ಗಂಡನನ್ನೂ ಕರೆಸು ಎಂದೆ. ಅವನು ಕರೆಸಿದ. ಆ ದಿನ ಆಕೆ ಒಂದು ಗಂಟೆಯಲ್ಲಿ ಹತ್ತು ಮಾತನ್ನೂ ಆಡಲಿಲ್ಲವಂತೆ. ಮುಂದಿನ ಎರಡು ಭೇಟಿಗಳಿಗೆ ಬರಲೇ ಇಲ್ಲ.

ಏಕಿರಬಹುದೆಂದು ಟಿಪ್ಪಣಿಗಳನ್ನು ತೆರೆದಾಗ, ಮೊದಲ ದಿನದ ಪುಟದಲ್ಲೇ ಆಕೆಯ ಮಾತು ಬರೆದಿತ್ತು: ಮನೆಯವರು ಯಾರೂ ಇಲ್ಲದ ಕೋಣೆ ಈ ಊರಿನಲ್ಲಿ ತನಗೆ ಇದೊಂದೇ ಎಂದು ಆಕೆ ಹೇಳಿದ್ದರು. ನಾನು ಆ ಕೋಣೆಯೊಳಕ್ಕೂ ಮನೆಯನ್ನು ತಂದು ಕೂರಿಸಿದ್ದೆ. ‘ಇದನ್ನು ನನಗೆ ಏಕೆ ಹೇಳಲಿಲ್ಲ?’ ಎಂದು ಶಿಷ್ಯನನ್ನು ಕೇಳಿದೆ. ಅವನು ತಲೆ ತಗ್ಗಿಸಿ, “ಅವರು ನಿಮ್ಮ ದೇಶದವರು. ನಿಮಗೆ ಗೊತ್ತಿರುತ್ತದೆ ಎಂದುಕೊಂಡೆ” ಎಂದ.

ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಆಕೆ ನಾನು ಒಮ್ಮೆಯೂ ಹೋಗದ ರಾಜ್ಯದವರು; ಅವರ ಭಾಷೆ ನನಗೆ ಬಾರದು. ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲೇ 22 ಭಾಷೆಗಳಿವೆ. ಸಾಗರದ ಅಡಿಕೆ ತೋಟದ ನಡುವೆ ಬೆಳೆದ ನನಗೆ ರಾಯಚೂರಿನ ಒಂದು ಮನೆಯ ಒಳಗುದಿಯೇ ಪೂರ್ತಿ ತಿಳಿಯದಿರುವಾಗ, ‘ನಮ್ಮವರು’ ಎಂದು ಇಡೀ ದೇಶದ ಪರವಾಗಿ ಮಾತನಾಡಲು ನಾನು ಯಾರು? ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ಎಲ್ಲರನ್ನೂ ‘ದು’ ಎನ್ನುವ, ನೇರ ಮಾತಿಗೆ ಹೆಸರಾದ ದೇಶದಲ್ಲಿ ಹುಟ್ಟಿದ ಹುಡುಗನೂ ನನ್ನ ಮುಂದೆ ಬಾಯಿ ಮುಚ್ಚಿಕೊಂಡಿದ್ದ. ನನ್ನ ತರಬೇತಿಯಲ್ಲಿ ನಾನು ಮೌನವಾಗಿದ್ದುದಕ್ಕೆ ನಮ್ಮ ಗುರುಭಕ್ತಿಯೊಂದೇ ಕಾರಣವೆಂದು ಎಲ್ಲರೂ ತಿಳಿದಿದ್ದೆವು. ಮೌಲ್ಯಮಾಪನ ಬರೆಯುವವರ ಮುಂದೆ ಯಾವ ದೇಶದವರಿಗೂ ಮಾತು ಸುಲಭವಲ್ಲ.

ನಾನು ಅವನ ಕ್ಷಮೆ ಕೇಳಿದೆ. ಅವನು ಆಕೆಗೆ ಫೋನ್ ಮಾಡಿ, ಕೇಳದೆಯೇ ನಿರ್ಧರಿಸಿದ್ದು ನಮ್ಮ ತಪ್ಪು, ನಿಮಗೆ ಹೇಗೆ ಬೇಕೋ ಹಾಗೆ ಮುಂದುವರಿಸೋಣ ಎಂದು ತಿಳಿಸಿದ. ಆಕೆ ಮರಳಿ ಬಂದರು, ಒಬ್ಬರೇ. ಆಮೇಲೆ ತಿಂಗಳುಗಳ ನಂತರ ಆಕೆಯೇ ಗಂಡನನ್ನು ಕರೆತಂದರೆಂದು ಕೇಳಿದೆ. ಕುಟುಂಬವನ್ನು ಒಳಗೊಳ್ಳಬೇಕೆಂಬ ನನ್ನ ಮಾತು ಪೂರ್ತಿ ತಪ್ಪಾಗಿರಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಯಾವಾಗ ಎಂಬುದನ್ನು ಹೇಳಬೇಕಾದವರು ಆಕೆ, ನಾನಲ್ಲ.

ಅಂದಿನಿಂದ ನನ್ನ ಕ್ರಮವನ್ನು ಬದಲಿಸಿಕೊಂಡಿದ್ದೇನೆ. ತರಬೇತಿಗೆ ಯಾರೇ ಬರಲಿ, ಮೊದಲ ದಿನವೇ ನನ್ನ ಮಾತನ್ನು ಹೇಗೆ ವಿರೋಧಿಸಬಹುದು ಎಂಬುದನ್ನು ಇಬ್ಬರೂ ಕೂತು ಮಾತನಾಡುತ್ತೇವೆ. ಕೆಲವರಿಗೆ ನೇರವಾಗಿ ಹೇಳುವುದು ಸುಲಭ, ಕೆಲವರಿಗೆ ಬರೆದು ಕಳಿಸುವುದು. ರೋಗಿ ತನ್ನ ಬಾಯಿಂದ ಏನು ಹೇಳಿದರು, ನಾನು ಏನೆಂದು ಊಹಿಸಿದೆ, ಆ ಊಹೆಯನ್ನು ಅವರಲ್ಲಿ ಕೇಳಿ ನೋಡಿದೆನೇ ಎಂಬುದನ್ನು ಟಿಪ್ಪಣಿಯಲ್ಲಿ ಬೇರೆ ಬೇರೆಯಾಗಿ ಬರೆಯಲು ಹೇಳುತ್ತೇನೆ. ನನ್ನ ಮಾತಿಗೂ ರೋಗಿಯ ಮಾತಿಗೂ ಹೊಂದದಿದ್ದರೆ ರೋಗಿಯ ಮಾತನ್ನೇ ಮೊದಲು ಓದಬೇಕೆಂಬುದು ನಮ್ಮ ಒಪ್ಪಂದ.

ಇದಕ್ಕೆ ನೆರವಾಗುವ ಸಾಧನವೂ ಒಂದಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿ ‘ಡಿಎಸ್‌ಎಂ–5’ರಲ್ಲಿ ಹದಿನಾರು ಪ್ರಶ್ನೆಗಳ ಸಂದರ್ಶನವೊಂದಿದೆ. ನಿಮ್ಮ ತೊಂದರೆಯನ್ನು ಮನೆಯವರಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ, ಇದಕ್ಕೆ ಕಾರಣ ಏನೆಂದು ನಿಮ್ಮ ಸುತ್ತಲಿನವರು ತಿಳಿಯುತ್ತಾರೆ ಎಂಬ ರೀತಿಯ ಪ್ರಶ್ನೆಗಳವು. ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ: ವೈದ್ಯರೂ ರೋಗಿಯೂ ಬೇರೆ ಬೇರೆ ಹಿನ್ನೆಲೆಯವರಾದಾಗ ತಪ್ಪು ತಿಳಿವಳಿಕೆ ಆಗಬಹುದು, ಅಂಥ ಆತಂಕ ನಿಮಗಿದೆಯೇ ಎಂದು ಅದು ಕೇಳುತ್ತದೆ. ಇದನ್ನು ವಲಸಿಗರಿಗೆ ಮಾತ್ರ ಕೇಳಬೇಡಿ, ಇಲ್ಲಿಯೇ ಹುಟ್ಟಿ ಬೆಳೆದ ರೈತನಿಗೂ ಕೇಳಿ ಎಂದು ನನ್ನ ಶಿಷ್ಯರಿಗೆ ಹೇಳುತ್ತೇನೆ. ಸಂಸ್ಕೃತಿ ಎನ್ನುವುದು ವಿದೇಶಿಯರಿಗೆ ಮಾತ್ರ ಅಂಟಿಕೊಂಡಿರುವ ವಸ್ತುವೇನಲ್ಲ.

ವಿನಯವೆಂದರೆ ಎಲ್ಲವನ್ನೂ ಒಪ್ಪಿಕೊಳ್ಳುವುದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಅಲ್ಲ. ಮಕ್ಕಳನ್ನು ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿದ ಮೊದಲ ದೇಶ ಸ್ವೀಡನ್, ಅದು 1979ರಲ್ಲಿ. ಮಗುವಿಗೆ ತೊಂದರೆಯಾಗುತ್ತಿದೆ ಎಂಬ ಸಂಶಯ ಬಂದರೆ ಸಮಾಜಸೇವಾ ಇಲಾಖೆಗೆ ತಿಳಿಸುವುದು ನಮ್ಮಂಥವರ ಕಾನೂನುಬದ್ಧ ಕರ್ತವ್ಯ. ‘ನಮ್ಮಲ್ಲಿ ಹೀಗೆಯೇ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಆದರೆ ಆ ಕಾನೂನನ್ನು ತಂದೆತಾಯಿಗೆ ತಿಳಿಹೇಳುವಾಗ ಅವರಿಗಿರುವ ಭಯವೇನೆಂದು ಕೇಳಿಕೊಳ್ಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ನಮ್ಮ ಗುರುಪರಂಪರೆಯನ್ನು ಹಳಿಯುವುದೂ ನನ್ನ ಉದ್ದೇಶವಲ್ಲ. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ ಅವರು 1973ರಲ್ಲೇ ಗುರು–ಚೇಲಾ ಸಂಬಂಧವು ಭಾರತೀಯ ರೋಗಿಗಳಿಗೆ ಒಪ್ಪುವ ಚಿಕಿತ್ಸಾ ಮಾದರಿಯಾಗಬಹುದೆಂದು ವಾದಿಸಿದ್ದರು. ಆ ಸಂಬಂಧದ ಆಪ್ತತೆ ಎಷ್ಟೋ ಸಲ ಇಲ್ಲಿಯ ಸಮಯಪಾಲನೆಯ ಗಂಟೆಯಲ್ಲಿ ಸಿಗುವುದಿಲ್ಲ. ನಿಮ್ಹಾನ್ಸ್‌ಗೆ ದೇಶದ ಮೂಲೆಮೂಲೆಯಿಂದ ಬರುವ ತರಬೇತಿ ವಿದ್ಯಾರ್ಥಿಗಳು ಹಳ್ಳಿಯಿಂದ ಬಂದ ಅಜ್ಜಿಯ ಮಾತು ತಿಳಿಯಲೆಂದು ಕನ್ನಡ ಕಲಿಯುತ್ತಾರೆ. ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳನ್ನು ಜನರ ಮಾತಿನಲ್ಲೇ ವಿವರಿಸಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಇವೂ ವಿನಯದ ರೂಪಗಳೇ. ಕರಾವಳಿಯ ಹೆಂಗಸೊಬ್ಬಳು ‘ಮೈಮೇಲೆ ಬರುತ್ತದೆ’ ಎಂದಾಗ ಇಂಗ್ಲಿಷಿನಲ್ಲಿ ಓದಿದ ಬೆಂಗಳೂರಿನ ತರುಣ ತಜ್ಞೆಗೆ ಬೇಕಾಗುವುದೂ ಇದೇ ಗುಣ. ಅದಕ್ಕಾಗಿ ವಿಮಾನ ಹತ್ತಬೇಕಾಗಿಲ್ಲ.

ಈ ವೃತ್ತಿಗೆಂದು ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ಎರಡು ಮಾತು. ಬಂದ ಕೂಡಲೇ ನಿಮ್ಮನ್ನು ಸಭೆಗಳಲ್ಲಿ ‘ಭಾರತೀಯರು ಖಿನ್ನತೆಯನ್ನು ಹೇಗೆ ಕಾಣುತ್ತಾರೆ?’ ಎಂದು ಕೇಳುತ್ತಾರೆ. ಗೌರವ ಕೊಟ್ಟಂತೆ ಅನ್ನಿಸುತ್ತದೆ, ಉತ್ತರಿಸುವ ಆಸೆಯೂ ಆಗುತ್ತದೆ. ನೂರಾರು ಕೋಟಿ ಜನರ ರಾಯಭಾರಿಯಾಗುವ ಆ ಹೊರೆಯನ್ನು ಹೊರಬೇಡಿ. ನಾನು ಕಂಡ ಕೆಲವರು ಹೀಗೆ ಎಂದಷ್ಟೇ ಹೇಳಿ. ಎರಡನೆಯದು, ನಿಮ್ಮ ಮಾರ್ಗದರ್ಶಕರು ನಿಮ್ಮ ಮೌನವನ್ನು ತಪ್ಪಾಗಿ ಓದುವ ಸಂಭವವಿದೆ. ಮೌಲ್ಯಮಾಪನದವರೆಗೆ ಕಾಯದೆ, ಮೊದಲ ವಾರವೇ ‘ನಾನು ಒಪ್ಪದಿರುವಾಗ ಪ್ರಶ್ನೆ ಕೇಳುತ್ತೇನೆ’ ಎಂದು ತಿಳಿಸಿಬಿಡಿ. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆರು ತಿಂಗಳ ಸಂಕಟ ತಪ್ಪುತ್ತಿತ್ತು.

ಊರಿನಲ್ಲಿರುವ ಹಿರಿಯರಿಗೂ ಒಂದು ಕೋರಿಕೆ. ಇಲ್ಲಿರುವ ಮಗಳೋ ಸೊಸೆಯೋ ತಜ್ಞರೊಬ್ಬರಲ್ಲಿ ಮನಸ್ಸಿನ ಭಾರ ಹೇಳಿಕೊಳ್ಳಲು ಹೋಗುತ್ತಿದ್ದಾಳೆ ಎಂದು ತಿಳಿದರೆ, ‘ಮನೆಯವರಿಗೆ ಹೇಳದ್ದನ್ನು ಹೊರಗಿನವರಿಗೆ ಹೇಳುವುದೇ?’ ಎಂದು ನೊಂದುಕೊಳ್ಳಬೇಡಿ. ಕೆಲವು ಮಾತುಗಳಿಗೆ ಮನೆಯವರಿಲ್ಲದ ಕೋಣೆ ಬೇಕಾಗುತ್ತದೆ. ಆ ಕೋಣೆಯಲ್ಲಿ ಹಗುರಾದವಳು ಮನೆಗೇ ಮರಳಿ ಬರುತ್ತಾಳೆ.

ಕಳೆದ ಭಾನುವಾರ ಚಿಕ್ಕಮ್ಮ ತಮ್ಮ ನಾಲ್ಕನೆಯ ಪ್ರಶ್ನೆಗೆ ಬಂದಾಗ, ‘ಗೊತ್ತಾಗುವುದಿಲ್ಲ ಚಿಕ್ಕಮ್ಮ, ಅದಕ್ಕೇ ಅವರನ್ನು ಕೇಳುತ್ತೇನೆ’ ಎಂದೆ. ‘ನನಗೆ ಗೊತ್ತಿಲ್ಲ’ ಎನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ ಎಂದು ಕೇಳಿದರು. ‘ಯಾಗ್ ವೇತ್ ಇಂತೆ’ ಎಂದು ಹೇಳಿಕೊಟ್ಟೆ. ಎರಡು ಸಲ ಹೇಳಿ ನೋಡಿ, “ಇಷ್ಟು ಕಲಿಯಕ್ಕೆ ಅಷ್ಟು ದೂರ ಹೋಗವಾಗಿತ್ತನೇ?” ಎಂದು ನಕ್ಕರು.